ಅರಿಶಿನ ಕೊಂಬಿನ ಶಾಸ್ತ್ರ

ಶಾಸ್ತ್ರದಲ್ಲಿಲ್ಲದ್ದನ್ನು ಶಾಸ್ತ್ರವೆಂದು ನಡೆಸುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಹನೆ ಕಡಿಮೆ. ಯಾರು ಹೊಸ ಪದ್ಧತಿ ತಂದರೂ ‘ಎಲ್ಲಿ ಹೇಳಿದೆ?’ ಎಂದು ಕೇಳಿಬಿಡುತ್ತೇನೆ. ನನ್ನನ್ನು ಕಂಡರೆ ಲಿಂಗಸುಗೂರಿನ ಪುರೋಹಿತರು ಮಂತ್ರವನ್ನು ತುಸು ನಿಧಾನವಾಗಿ, ಸ್ಪಷ್ಟವಾಗಿ ಹೇಳುತ್ತಾರೆಂಬ ಪ್ರತೀತಿಯುಂಟು. ಅದನ್ನು ಹಬ್ಬಿಸಿದವನು ನಾನೇ ಇರಬೇಕು.

ಇಂಥ ನನಗೆ ಈಚೆಗೆ ಒದಗಿದ ಸಂಕಟ ನೆನಪಿನದು. ಬೆಳಗ್ಗೆ ಸಾಣೆಕಲ್ಲಿನ ಮೇಲೆ ಗಂಧ ತೇಯುತ್ತ ಕುಲದೇವರ ಸ್ತೋತ್ರ ಹೇಳುವುದು ನಮ್ಮ ತಂದೆಯವರು ಹಾಕಿಕೊಟ್ಟ ಕ್ರಮ. ಎಲ್ಲಿಯೂ ಬರೆದಿಟ್ಟದ್ದಲ್ಲ, ಅವರ ಬಾಯಿಂದ ನನ್ನ ಬಾಯಿಗೆ ಬಂದದ್ದು. ಒಂದು ದಿನ ಮಸ್ಕಿಯ ಬಸ್ಸಿನಲ್ಲಿ ಹೊತ್ತು ಹೋಗಲೆಂದು ಅದನ್ನೇ ಹೇಳಿಕೊಂಡೆ. ಐದನೆಯ ಶ್ಲೋಕ ಮುಗಿಯಿತು. ಮುಂದೆ ಬರಿಯ ಬಯಲು. ಮರುದಿನ ಗಂಧ ತೇಯುವಾಗ ಪೂರ್ತಿ ಬಂತು. ಸಂಜೆ ಕಟ್ಟೆಯ ಮೇಲೆ ಕುಳಿತರೆ ಮತ್ತೆ ಅಲ್ಲಿಯೇ ನಿಂತಿತು. ಮರೆವಿನ ರೋಗ ಹೊಸ್ತಿಲಿಗೆ ಬಂದಿತೆಂದೇ ನಂಬಿದೆ. ಸಿಂಧನೂರಿನಲ್ಲಿ ತಂಗಿ ಗಂಗವ್ವನ ಗೃಹಪ್ರವೇಶ ಬೇರೆ ಹತ್ತಿರ ಬಂದಿತ್ತು. ‘ಅಪ್ಪನ ಸ್ತೋತ್ರ ನಿನ್ನ ಬಾಯಿಲೇ ಕೇಳ್ಬೇಕಣ್ಣ. ಅದಾಗದ ನಾ ಹಾಲು ಉಕ್ಕಿಸೂದಿಲ್ಲ’ ಎಂದು ಅವಳ ಹಟ.

ನಮ್ಮ ಸೊಸೆ ಸುಜಾತ ಕಾಲೇಜಿನಲ್ಲಿ ಮನಶ್ಶಾಸ್ತ್ರ ಕಲಿಸುತ್ತಾಳೆ. ರೋಗದ ಮಾತನ್ನು ಎತ್ತದೆ, ‘ನೆನಪು ಎಲ್ಲಿರುತ್ತದಮ್ಮ?’ ಎಂದು ವಿಚಾರಿಸಿದೆ.

‘ಮಿದುಳಿನೊಳಗ ಹಿಪೊಕ್ಯಾಂಪಸ್ ಅಂತ ಒಂದು ಭಾಗ ಐತ್ರೀ ಮಾವಾರ. ನೆನಪು ಗಟ್ಟಿಯಾಗೂದು ಅದರಿಂದ. ನೋಡಾಕ ಸಮುದ್ರಕುದುರಿ ಇದ್ದಂಗ.’

ನಾನು ಕಂಡ ದೊಡ್ಡ ನೀರೆಂದರೆ ಸಿಂಧನೂರಿನ ಕಾಲುವೆ. ತಲೆಯೊಳಗೆ ಇಷ್ಟು ವರ್ಷ ಸಮುದ್ರದ ಪ್ರಾಣಿಯನ್ನು ಸಾಕಿಕೊಂಡಿದ್ದೆನೆಂದು ತಿಳಿದು ಬೆರಗಾಯಿತು. ಮೆಲ್ಲಗೆ, ‘ನನ್ನ ಸ್ನೇಹಿತರೊಬ್ಬರಿಗೆ ಮನೆಯಲ್ಲಿ ನೆನಪಾದದ್ದು ಬಸ್ಸಿನಲ್ಲಿ ಆಗುವುದಿಲ್ಲವಂತೆ’ ಎಂದೆ.

‘ಆ ಸ್ನೇಹಿತರು ಗಂಧ ತೇಯ್ತಾರೇನ್ರಿ?’ ಎಂದು ಕೇಳಿ, ಅವಳು ತುಟಿಯಂಚಿನಲ್ಲಿ ನಕ್ಕಳು. ‘ಅದು ರೋಗ ಅಲ್ರಿ. ಸಂದರ್ಭಾವಲಂಬಿ ನೆನಪು ಅಂತಾರ. ಕಲಿಯೂ ಮುಂದ ಇದ್ದ ವಾಸನಿ, ಜಾಗ, ಕೈಕೆಲಸ, ಎಲ್ಲಾ ಆ ಪಾಠದ ಜೋಡಿ ಹೆಣಕೊಂಡಿರ್ತಾವ. ಒಂದು ಎಳಿ ಜಗ್ಗಿದ್ರ ಉಳಿದದ್ದು ಬರ್ತೈತಿ. ಅವರಿಗೆ ಕಲ್ಲು ಸಂಗಾಟ ಒಯ್ಯಾಕ ಹೇಳ್ರಿ.’

‘ಎಲ್ಲಿ ಹೇಳಿದೆ?’ ಎಂದು ಗದರಿದೆ. ಭಗವಂತನ ನಾಮಕ್ಕೆ ಕಲ್ಲಿನ ಹಂಗೇ? ಮನೆಯವರೊಡನೆ ಬರಿಗೈಯಲ್ಲಿಯೇ ಸಿಂಧನೂರಿಗೆ ಹೋದೆ.

ಹೊಸ ಮನೆಯ ತುಂಬ ಜನ, ಎದುರಿಗೆ ಮೈಕು. ಒಲೆಯ ಮೇಲೆ ಹಾಲಿನ ಪಾತ್ರೆ, ಪಕ್ಕದಲ್ಲಿ ಕೈ ಜೋಡಿಸಿ ನಿಂತ ಗಂಗವ್ವ. ಐದನೆಯ ಶ್ಲೋಕ ಮುಗಿಯಿತು, ಬಯಲು ಬಂತು. ಗಂಟಲು ಸರಿಪಡಿಸಿಕೊಂಡೆ. ನೀರು ಕುಡಿದೆ. ಹಿಂದಿನಿಂದ ಬೀಗರೊಬ್ಬರು, ‘ಅಜ್ಜಾರ ಗಾಡಿ ಪಂಚರ್ ಆತು ನೋಡ್ರಲೇ’ ಎಂದರು. ಯಾರೂ ನಗಲಿಲ್ಲ. ಗಂಗವ್ವನ ಕಣ್ಣು ನನ್ನ ಮೇಲಿತ್ತು. ಅದರಲ್ಲಿ ಸಿಟ್ಟಿರಲಿಲ್ಲ, ಹೆದರಿಕೆಯಿತ್ತು.

ಸುಜಾತ ಎದ್ದಳು. ಆ ಮನೆಯಲ್ಲಿ ಗಂಧವೆಂದರೆ ಡಬ್ಬಿಯ ಪುಡಿ. ನೆಲಕ್ಕೆ ಹಾಸಿ ಉಳಿದಿದ್ದ ಕಲ್ಲಿನ ತುಂಡೊಂದನ್ನು ತಂದು ನನ್ನ ಮುಂದಿಟ್ಟು, ನೀರು ಚಿಮುಕಿಸಿ, ಪೂಜೆಯ ತಟ್ಟೆಯಿಂದ ಅರಿಶಿನ ಕೊಂಬೊಂದನ್ನು ಕೈಗಿತ್ತು, ‘ತೇಯ್ರಿ ಮಾವಾರ’ ಎಂದಳು.

ತೇಯ್ದೆ. ಕೈ ತನ್ನ ಹಳೆಯ ದಾರಿ ಹಿಡಿಯಿತು. ಕಲ್ಲಿನ ಸದ್ದಿನೊಳಗಿಂದ, ಪಕ್ಕದಲ್ಲಿ ತಂದೆಯವರೇ ಕುಳಿತು ಎತ್ತಿಕೊಟ್ಟಂತೆ, ಆರನೆಯ ಶ್ಲೋಕ ಬಂತು. ಅದರ ಬೆರಳು ಹಿಡಿದು ಏಳನೆಯದು. ಫಲಶ್ರುತಿ ಮುಗಿದಾಗ ಗಂಗವ್ವ ಸೆರಗಿನಿಂದ ಕಣ್ಣೊರೆಸಿಕೊಂಡು ಒಲೆ ಹೊತ್ತಿಸಿದಳು. ಹಾಲು ಉಕ್ಕಿತು. ನನ್ನ ತಲೆಯೊಳಗಿನ ಸಮುದ್ರಕುದುರೆ ಬದುಕಿದೆಯೆಂದು ದೇವರಿಗೂ ಸೊಸೆಗೂ ಮನಸ್ಸಿನಲ್ಲಿಯೇ ಕೈಮುಗಿದೆ.

ಕಥೆ ಅಲ್ಲಿಗೆ ನಿಲ್ಲಬೇಕಿತ್ತು. ಮೊನ್ನೆ ಮಸ್ಕಿಯಲ್ಲಿ ಅದೇ ಬೀಗರ ಮನೆಯ ಪ್ರವೇಶಕ್ಕೆ ಸ್ತೋತ್ರ ಹೇಳಲು ಕರೆದಿದ್ದರು. ಸೊಸೆಯೊಡನೆ ಹೋಗಿ ನೋಡುತ್ತೇನೆ: ಮಣೆಯ ಮುಂದೆ ತೊಳೆದ ಕಲ್ಲು, ಅದಕ್ಕೆ ಕುಂಕುಮ, ಹೂವು, ಪಕ್ಕದಲ್ಲಿ ಬೆಳ್ಳಿಯ ಬಟ್ಟಲಿನಲ್ಲಿ ಅರಿಶಿನ ಕೊಂಬು.

‘ಸಿಂಧನೂರಾಗ ನೋಡೀನ್ರಿ. ಅರಿಶಿನ ತೇಯದ ಮನಿ ಹೊಗಬಾರದಂತ ಎಲ್ಲಾರಿಗೂ ಹೇಳೀನಿ’ ಎಂದರು ಬೀಗರು, ಬಹಳ ಭಕ್ತಿಯಿಂದ. ‘ಎಡಗೈಲೋ ಬಲಗೈಲೋ ಅಜ್ಜಾರ?’

ನಾಲಗೆಯ ತುದಿಗೆ ನನ್ನ ಹಳೆಯ ಪ್ರಶ್ನೆ ಬಂದಿತ್ತು. ಆದರೆ ಅದನ್ನು ಕೇಳಿದರೆ ಕಲ್ಲನ್ನು ಎತ್ತಿಬಿಡುವರು. ಕಲ್ಲಿಲ್ಲದಿದ್ದರೆ ಐದನೆಯ ಶ್ಲೋಕದ ಆಚೆಗೆ ನನ್ನ ಗತಿ ಏನು? ಸುಜಾತಳ ಕಡೆ ನೋಡಿದೆ. ಅವಳು ಗೋಡೆಯ ಬಣ್ಣವನ್ನು ಬಹಳ ಆಸಕ್ತಿಯಿಂದ ಪರೀಕ್ಷಿಸುತ್ತಿದ್ದಳು.

‘ಬಲಗೈಯಲ್ಲಿ. ಪ್ರದಕ್ಷಿಣಾಕಾರವಾಗಿ’ ಎಂದೆ.