ಅಲಸಂದೆ ತಿನ್ನುವವನ ಹಾಡು

ದೇವರು ಚೇಕೊರೊ ಕುಲಿಬಾಲಿಗೆ ಜೇನಿನಂಥ ಗಂಟಲು ಕೊಟ್ಟಿದ್ದ. ಸಮಾಧಾನವನ್ನು ಮಾತ್ರ, ಆಮೇಲೆ ಕೊಡೋಣವೆಂದು ತನ್ನ ಬಳಿಯೇ ಇಟ್ಟುಕೊಂಡಿದ್ದ.

ಆ ಗುರುವಾರ ಮಧ್ಯಾಹ್ನ ಬಮಾಕೊದ ವ್ಯಾನ್ ನಿಲ್ದಾಣದಲ್ಲಿ, ಮಾವಿನ ಮರದಡಿ ಕೋಳಿ ಮಾರುವ ಸೊಕೊನಮ್ಮನ ಫೋನು ಹಾಡುತ್ತಿತ್ತು. ಚೇಕೊರೊನ ಕಾಲು ತಾನಾಗಿ ತಾಳ ಹಾಕಿತು. ಮರುಗಳಿಗೆಯಲ್ಲೇ ಹಾವು ತುಳಿದಂತೆ ನಿಂತುಬಿಟ್ಟಿತು. ಹಾಡು ಅವನದೇ! ಇನ್ನೂ ಯಾರಿಗೂ ಕೇಳಿಸದ ಹೊಸ ಹಾಡು.

"ಅವ್ವಾ, ಇದೆಲ್ಲಿ ಸಿಕ್ತು?"

"ಇನ್ನೆಲ್ಲಿ? ಸಿರಿಮಾನ್ ಅಂಗಡೀಲಿ. ಚೆನ್ನಾಗೈತಲ್ವಾ? ನನ್ನ ಕೋಳಿಗಳೂ ತಲೆ ಆಡಿಸ್ತಾವೆ ನೋಡು."

ಚೇಕೊರೊ ಕೋಳಿಗಳನ್ನು ನೋಡುವ ಸ್ಥಿತಿಯಲ್ಲಿರಲಿಲ್ಲ. ಹಾಡು ಅಂದೇ ಸಂಜೆ ನಾಲ್ಕಕ್ಕೆ ರೇಡಿಯೊದಲ್ಲಿ ಬರಬೇಕಿತ್ತು. "ಬೀದೀಲಿ ಸಿಗೋ ಹಾಡು ನಾನು ಹಾಕಲ್ಲಪ್ಪ" ಎಂದು ರೇಡಿಯೊದ ರೊಕಿಯಾ ಕಡ್ಡಿ ಮುರಿದಂತೆ ಹೇಳಿದ್ದಳು. ರೇಡಿಯೊದಲ್ಲಿ ಹೆಸರು ಬಂದರೆ ಮದುವೆಮನೆಗಳಿಂದ ಕರೆ ಬರುತ್ತದೆ. ಹನ್ನೊಂದು ವರ್ಷ ಕಂಡವರ ಬೆನ್ನ ಹಿಂದೆ ಕೂತು ಸೋರೆಬುರುಡೆಯ ವಾದ್ಯ ಮೀಟಿದವನಿಗೆ ಒಂದೇ ಆಸೆ: ಒಮ್ಮೆ ಎಲ್ಲರ ಮುಂದೆ ನಿಂತು ಹಾಡಬೇಕು.

ಸಿರಿಮಾನ್ ಕೇತಾನ ಅಂಗಡಿಯೆಂದರೆ ಒಂದು ಕೊಡೆ, ಒಂದು ಮೇಜು, ಒಂದು ಹಳೇ ಕಂಪ್ಯೂಟರು. ಫೋನು ಕೊಟ್ಟರೆ ಲೋಕದ ಹಾಡನ್ನೆಲ್ಲ ತುಂಬಿಕೊಡುತ್ತಿದ್ದ.

"ಬಾ, ಅಲಸಂದೆ ತಿನ್ನೋನೇ! ಚಹಾ ಕುಡಿ!"

ಚೇಕೊರೊ ಹಲ್ಲು ಕಚ್ಚಿದ. ಕೇತಾ ಮನೆತನವೂ ಕುಲಿಬಾಲಿ ಮನೆತನವೂ ಅಜ್ಜಂದಿರ ಕಾಲದಿಂದ ನಗೆನೆಂಟರು. ಒಬ್ಬರನ್ನೊಬ್ಬರು ಅಲಸಂದೆ ತಿನ್ನುವವನೆಂದೋ ಇನ್ನೇನೆಂದೋ ಹೇಗೆ ಬೇಕಾದರೂ ಅಣಕಿಸಬಹುದು. ಕೇಳಿದ್ದನ್ನು ಇಲ್ಲವೆನ್ನಬಾರದು, ಸಿಟ್ಟಂತೂ ಮಾಡಲೇಬಾರದು.

"ಕಳ್ಳಾ! ನನ್ನ ಹಾಡು ಮಾರ್ತೀಯಾ?" ಎಂದು ಗುಡುಗಲು ಹೊರಟವನು, ಕಟ್ಟಳೆ ನೆನಪಾಗಿ ಕೊನೆಗೆ ಹಿಹ್ಹಿ ಎಂದು ನಗಬೇಕಾಯಿತು.

"ನಿಂದಾ? ಮೊದಲೇ ಹೇಳಬಾರ್ದಾ! ಹೆಸರಿಲ್ದೆ ಬಂದಿತ್ತು, ಪಾಪದ ಕೂಸು ಅಂತ ಸಾಕ್ಕೊಂಡೆ."

"ನಗೆನೆಂಟನ ಹಕ್ಕಿಂದ ಕೇಳ್ತಿದ್ದೀನಿ. ಅಳಿಸು. ಎಲ್ಲಾ ಕಡೆಯಿಂದ, ಬೇರುಸಮೇತ."

"ನಿನ್ನ ಮಾತು ಮೀರೋಕಾಗತ್ತಾ? ಆದ್ರೆ ನ್ಯಾಯ ಅಂದ್ರೆ ಇಬ್ಬರಿಗೂ ಒಂದೇ ಅಲ್ವಾ. ನಿನ್ನ ಫೋನ್ ಕೊಡು. ಅದರಲ್ಲಿ ನಾನೇ ತುಂಬಿಕೊಟ್ಟ ಸಾವಿರದ ಇನ್ನೂರು ಹಾಡಿವೆ. ಯಾವ ಹಾಡುಗಾರನ್ನ ಕೇಳಿ ಇಟ್ಕೊಂಡಿದ್ದೆ?"

ಚೇಕೊರೊನ ಕಿವಿ ಬಿಸಿಯಾಯಿತು. ತನ್ನ ಗುರುವಿನ ಹಾಡೂ ಅದರಲ್ಲಿತ್ತು, ಗುರುವನ್ನೂ ಕೇಳಿರಲಿಲ್ಲ. ತಲೆತಗ್ಗಿಸಿ ಫೋನು ಕೊಟ್ಟ. ಸಿರಿಮಾನ್ ಬಿಸ್ಮಿಲ್ಲಾ ಎಂದು ಗುಂಡಿ ಒತ್ತಿದ. ಫೋನು, ಕಂಪ್ಯೂಟರು, ಡಬ್ಬಿಯಲ್ಲಿದ್ದ ಮೆಮೊರಿ ಕಾರ್ಡು, ಎಲ್ಲವೂ ಒರೆಸಿದ ತಟ್ಟೆಯಂತಾದವು.

ಗೆದ್ದ ಹುಂಜದಂತೆ ಚೇಕೊರೊ ಸ್ಟುಡಿಯೊಗೆ ನಡೆದ. ರೇಡಿಯೊಗೆ ಒಯ್ಯಲು ಹಾಡಿನ ಮೂಲಪ್ರತಿ ಬೇಕಿತ್ತು. ಧ್ವನಿಮುದ್ರಣ ಮಾಡಿದ ಲಾಸಿನ್ ಬಾಗಿಲಲ್ಲೇ ಕೂತಿದ್ದ.

"ಕರೆಂಟು ಹೋಗಿ ಬಂದು ನನ್ನ ಕಂಪ್ಯೂಟರ್ ಸುಟ್ಟೋಯ್ತಣ್ಣ. ಆದ್ರೆ ಹೆದರಬೇಡ, ನಿನ್ನ ಹಾಡನ್ನ ಮೊದಲೇ ಒಂದು ಕಾರ್ಡಿಗೆ ಹಾಕಿ ಜೋಪಾನವಾಗಿ ಇಟ್ಟಿದ್ದೀನಿ."

"ಎಲ್ಲಿ?"

"ಸಿರಿಮಾನ್ ಹತ್ರ. ಅವನು ಯಾವ ಹಾಡನ್ನೂ ಕಳೆಯೋನಲ್ಲ."

ಚೇಕೊರೊ ಹೊಸ್ತಿಲ ಮೇಲೆ ಕುಸಿದ. ಗಡಿಯಾರದಲ್ಲಿ ಮೂರೂಕಾಲು. ಎದ್ದವನೇ ಮಾವಿನ ಮರದತ್ತ ಓಡಿದ.

"ಅವ್ವಾ, ಆ ಹಾಡು ನನ್ನ ಫೋನಿಗೆ ಕಳಿಸು."

ಸೊಕೊನಮ್ಮ ಫೋನನ್ನು ಸೆರಗಿನೊಳಗೆ ಅವಿತಿಟ್ಟಳು. "ಪುಕ್ಕಟೆ? ನಾನು ದುಡ್ಡು ಕೊಟ್ಟು ತಗೊಂಡಿದ್ದೀನಿ. ಬಡ ಹಾಡುಗಾರನ ಹೊಟ್ಟೆ ಮೇಲೆ ಹೊಡಿತೀಯಲ್ಲ, ನಾಚಿಕೆ ಆಗಲ್ವಾ?"

"ಆ ಬಡ ಹಾಡುಗಾರ ನಾನೇ ಅವ್ವಾ!"

"ಎಲ್ಲಾ ಕಳ್ಳರೂ ಹಂಗೇ ಹೇಳೋದು."

ಕೊನೆಗೆ ಅವನು ಒಂದು ಹುಂಜ ಕೊಂಡ ಮೇಲೆ ಹಾಡು ಸಿಕ್ಕಿತು. ಬಗಲಲ್ಲಿ ಹುಂಜದೊಂದಿಗೆ ರೇಡಿಯೊ ತಲುಪಿದಾಗ ನಾಲ್ಕಕ್ಕೆ ಒಂದೇ ನಿಮಿಷ.

"ಬೀದೀಲಿ ಸಿಗಲ್ಲ ತಾನೇ?" ರೊಕಿಯಾ ಕೇಳಿದಳು.

"ದೇವರಾಣೆ ಇಲ್ಲಮ್ಮ. ನನಗೇ ಸಿಗಲಿಲ್ಲ."

ಹಾಡು ಹರಿಯಿತು. ಚೇಕೊರೊ ಕಣ್ಣು ಮುಚ್ಚಿದ. ಮೊದಲ ಚರಣ ಮುಗಿದು ತಂತಿ ಮಿಡಿಯುವ ಹೊತ್ತಿಗೆ ಅವನು ಎಂದೂ ಹಾಡದ ಒಂದು ಸಾಲು ಗುಡುಗಿತು: "ಸಿರಿಮಾನ್ ಕೇತಾ! ಹಾಡು ಅಂದ್ರೆ ಸಿರಿಮಾನ್! ಈ ನಂಬರಿಗೆ ಫೋನ್ ಮಾಡಿ!" ಬೆನ್ನಿಗೇ ನಂಬರೂ ಬಂತು, ಎರಡು ಸಲ. ಮಾರುವ ಹಾಡಿಗೆಲ್ಲ ಅಂಗಡಿಯವರು ಹೊಡೆಯುವ ಮುದ್ರೆ ಅದು.

ಹಾಡು ಮುಗಿದದ್ದೇ ಚೇಕೊರೊನ ಫೋನು ಬಡಿದುಕೊಂಡಿತು. ಮದುವೆಮನೆಯವರೇ ಇರಬೇಕು! ಹುಂಜವನ್ನು ಇನ್ನೊಂದು ಬಗಲಿಗೆ ಸರಿಸಿ ಎತ್ತಿದ.

"ಅಲಸಂದೆ ತಿನ್ನೋನೇ!" ಸಿರಿಮಾನ್ ಉಸಿರು ಬಿಡದೆ ಕೂಗುತ್ತಿದ್ದ. "ಮೂರು ಮದುವೆಯವರು ನನ್ನನ್ನ ಕರೆದರು ಕಣೋ! ಮಧ್ಯೆ ಕೂಗಿದವರು ನೀವೇನಾ, ನೀವೇ ಬರಬೇಕು ಅಂತಾರೆ. ನನಗೆ ಹಾಡಲಿಕ್ಕೆಲ್ಲಿ ಬರುತ್ತೆ? ನಗೆನೆಂಟನ ಹಕ್ಕಿಂದ ಕೇಳ್ತಿದ್ದೀನಿ. ಇಲ್ಲ ಅನ್ನಬೇಡ. ನಾನು ಮುಂದೆ ನಿಂತು ಕೂಗ್ತೀನಿ, ನೀನು ಹಿಂದೆ ಕೂತು ಹಾಡು."

ಚೇಕೊರೊ ಬಾಯಿ ತೆರೆದ. ಕಟ್ಟಳೆ ನೆನಪಾಯಿತು. ಹಿಹ್ಹಿ ಎಂದು ನಕ್ಕ.

ಬಗಲಲ್ಲಿದ್ದ ಹುಂಜವೂ ಕೂಗಿತು.