ಕರ್ಸರ್ ಸಮಿತಿಗೆ ಎರಡನೆಯ ಸಾಲಿನ ರೋಗಿಯ ತಮ್ಮನ ಬಿನ್ನಹ

ಕರ್ಸರ್ ನಿಯಮಾವಳಿ ಸಮಿತಿಯ ಮಾನ್ಯರೇ,

ತಮ್ಮ ಕುರ್ಚಿಗಳೂ ಅವುಗಳ ಮೇಲಿರುವ ತಾವೂ ಕ್ಷೇಮವೆಂದು ನಂಬಿ, ಆಸ್ಪತ್ರೆಯ ಕಂಪ್ಯೂಟರ್ ವಿಭಾಗದ ಮೂಲೆಮೇಜಿನವನಾದ ನಾನು ಅಂಜುತ್ತಲೇ ಬರೆಯುತ್ತಿದ್ದೇನೆ. ಓದನ್ನು ಅರ್ಧಕ್ಕೇ ಬಿಟ್ಟವನು, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಕರ್ಸರ್ ಎಂದರೆ ಡೇಟಾಬೇಸಿನ ಸಾಲುಗಳ ಮೇಲೆ ಒಂದೊಂದಾಗಿ ಸರಿಯುವ ಬೆರಳು ಎಂದಷ್ಟೇ ನನಗೆ ಗೊತ್ತಿತ್ತು. ರೋಗಿಗೆ ಒಂದರಂತೆ ಇರುವ ರಕ್ತಪರೀಕ್ಷೆಯ ಸಾಲುಗಳನ್ನು ಓದಿ ವೈದ್ಯರಿಗೆ ವರದಿ ಕಳಿಸುವ ನನ್ನ ಪ್ರೋಗ್ರಾಮಿನಲ್ಲಿ, ತಾನೇ ತೆರೆದುಕೊಂಡು, ಸಾಲುಗಳೆಲ್ಲ ಮುಗಿದ ಮೇಲೆ ತಾನೇ ಮುಚ್ಚಿಕೊಳ್ಳುವ ಜಾತಿಯ ಕರ್ಸರ್ ಇತ್ತು. ಅಂಥ ಸ್ವೇಚ್ಛಾಚಾರಿಯನ್ನು ತಾವು ನಿಷೇಧಿಸಿದಿರಿ. ಕೈಯಾರೆ ತೆರೆಯುವ ಜಾತಿಯನ್ನೇ ಬಳಸಬೇಕು, ಒಂದು ಸಾಲು ಓದಿದೊಡನೆ ಮುಚ್ಚಬೇಕು, ಇಲ್ಲವಾದರೆ ಯಂತ್ರಕ್ಕೆ ಭಾರ ಎಂದು ಅಪ್ಪಣೆಯಾಯಿತು. ಉಳಿದ ಸಾಲುಗಳ ಗತಿಯೇನೆಂದು ಕೈಮುಗಿದು ಕೇಳಿದಾಗ ತಮ್ಮ ಕಾರ್ಯದರ್ಶಿಗಳು, "ಉಳಿದವುಗಳ ಬಗ್ಗೆ ನಿಯಮ ಏನೂ ಹೇಳಿಲ್ವಲ್ಲ, ನಿಮಗ್ಯಾಕ್ರೀ ತಲೆನೋವು" ಎಂದು ಸಮಾಧಾನ ಮಾಡಿದರು.

ನಿಯಮ ಪಾಲಿಸಿದೆ. ಅಂದಿನಿಂದ ಪಟ್ಟಿಯ ಮೊದಲ ರೋಗಿಯ ವರದಿ ಮಾತ್ರ ವೈದ್ಯರನ್ನು ತಲುಪುತ್ತಿದೆ, ಬೆರಳು ಅಲ್ಲಿಗೇ ಮಡಚಿಕೊಳ್ಳುತ್ತಿದೆ. ಯಂತ್ರ ಎಷ್ಟು ಹಗುರಾಗಿದೆಯೆಂದರೆ ಅದರ ಫ್ಯಾನು ಕೂಡ ತಿರುಗುತ್ತಿಲ್ಲ. ತಮ್ಮ ದೂರದೃಷ್ಟಿಗೆ ಸಾಟಿಯುಂಟೇ!

ಒಂದು ಸಣ್ಣ ತೊಡಕು. ಎರಡನೆಯ ಸಾಲಿನಲ್ಲಿರುವುದು ನನ್ನ ಅಕ್ಕ. ಪಿತ್ತಕೋಶದ ಆಪರೇಷನ್ನಿಗೆಂದು ಉಪವಾಸವಿಟ್ಟು ಕರೆದೊಯ್ಯುತ್ತಾರೆ, ರಕ್ತದ ವರದಿ ಬಂದಿಲ್ಲವೆಂದು ವಾಪಸು ಕಳಿಸುತ್ತಾರೆ. ನೋವಿನಲ್ಲಿ ಗೋಡೆ ಕಡೆ ಮುಖ ಮಾಡಿ ಮಲಗಿದವಳು, "ಅದು ನಿನ್ನದೇ ಪ್ರೋಗ್ರಾಮು ಅಲ್ವೇನೋ? ಎಷ್ಟು ಸಲ ಚುಚ್ಚಿಸ್ಕೊಳ್ಲಿ, ನನ್ನ ರಕ್ತ ಎಲ್ಲಿಗೆ ಹೋಗ್ತಿದೆ ಅಂತ ಕೇಳೋ ಅದನ್ನ" ಎನ್ನುತ್ತಾಳೆ. ವೈದ್ಯರಂತೂ ಇನ್ನು ತಡವಾದರೆ ಪಿತ್ತಕೋಶ ಒಡೆಯಬಹುದು ಎಂದಿದ್ದಾರೆ. ಆ ಪಿತ್ತಕೋಶಕ್ಕೆ ನಿಯಮಾವಳಿ ಓದಲು ಬರುವುದಿಲ್ಲವೆಂದು ಕಾಣುತ್ತದೆ.

ಆದ್ದರಿಂದ, ಊರಿನಲ್ಲಿ ದಿನಕ್ಕೆ ಒಬ್ಬರೇ ಕಾಯಿಲೆ ಬೀಳತಕ್ಕದ್ದೆಂದು ತಾವು ಸುತ್ತೋಲೆ ಹೊರಡಿಸಬೇಕು. ಅದಾಗದಿದ್ದರೆ ಎಲ್ಲ ರೋಗಿಗಳನ್ನೂ ಮೊದಲನೆಯವರೆಂದು ಘೋಷಿಸಬೇಕು. ನಿಯಮದ ಒಂದಕ್ಷರವನ್ನೂ ಮುಟ್ಟಿ ಎಂದು ಕೇಳುವಷ್ಟು ಉದ್ಧಟ ನಾನಲ್ಲ.

ತಮ್ಮ ಎಲ್ಲ ನಿಯಮಗಳಿಗೂ ತಲೆಬಾಗಿ ಕತ್ತು ನೋವಾಗಿರುವ,
ತಮ್ಮ ವಿಶ್ವಾಸಿ,
ಮೂಲೆಮೇಜಿನವನು

ತಾ.ಕ.: ಉತ್ತರಕ್ಕೆ ಕಾಯುವಷ್ಟು ಎದೆಗಾರಿಕೆ ನನಗಿರಲಿಲ್ಲ. ಕರ್ಸರ್ ಮುಚ್ಚುವ ಆಜ್ಞೆಯನ್ನು ಎಲ್ಲ ಸಾಲುಗಳನ್ನೂ ಓದಿದ ನಂತರಕ್ಕೆ ಸರಿಸಿಬಿಟ್ಟೆ; ವರದಿ ಹೋಯಿತು, ಆಪರೇಷನ್ ಮುಗಿಯಿತು, ಅಕ್ಕ ವಾರ್ಡಿನಲ್ಲಿ ನಿದ್ರೆಯಲ್ಲಿದ್ದಾಳೆ. ತಮ್ಮ ನಿಯಮದ ಪ್ರಕಾರ ಇದು ಯಾವುದೂ ನಡೆದಿಲ್ಲ. ಅವಳು ಎದ್ದಾಗ ಈ ವಿಷಯ ತಿಳಿಸಲು ಸಮಿತಿಯಿಂದ ಯಾರನ್ನಾದರೂ ಕಳಿಸಿಕೊಡಿ; ನನಗೆ ಅವಳನ್ನು ಕಂಡರೆ ಭಯ.