ನಾಳೆ ಮಾಸ್ಟರು ತೊಟ್ಟ ಕೋಟು

"ಗುರುವಾರ ಆ ಕಾಲೇಜಿನವರು ನನ್ನ ನೋಡಿ ಕುರ್ಚಿ ಬಿಟ್ಟು ಏಳಬೇಕು, ನೋಡ್ತಿರು" ಎಂದು ಟೈಲರ್ ಮಾಸ್ಟರು ಹೆಂಡತಿಯ ಮುಂದೆ ಘೋಷಿಸಿದರು.

ಮಗಳಿಗೆ ಸೀಟು ಸಿಕ್ಕಿತ್ತು. ಸೀಟಿಗೆ ಅವಳ ಅಂಕ ಸಾಕಾಗಿತ್ತು. ಫೀಸಿಗೆ ಮಾತ್ರ ಮಾಸ್ಟರು ಹೊಲಿಗೆ ಯಂತ್ರ, ಇಸ್ತ್ರಿಪೆಟ್ಟಿಗೆ, ಕತ್ತರಿ ಎಲ್ಲ ಮಾರಿದರೂ ಮೊದಲ ವರ್ಷ ದಾಟುವಂತಿರಲಿಲ್ಲ. ಉಳಿದಿದ್ದು ಒಂದೇ ದಾರಿ, ಫೀಸು ಮಾಫಿಗೆ ಅರ್ಜಿ. ಅದಕ್ಕೊಂದು ಸಂದರ್ಶನ, ತಂದೆಯೂ ಬರಲೇಬೇಕು. ಅಲ್ಲಿ ಆಗುವುದಿಲ್ಲ ಎಂದರೆ ಸೀಟು ಬೇರೆಯವರ ಪಾಲು.

ಮನೆಯಲ್ಲಿ ತಾಲೀಮು ಶುರುವಾಯಿತು. ಮಾಸ್ಟರು ಅಳತೆ ಟೇಪನ್ನು ಕೊರಳಿಗೆ ಹಾಕಿಕೊಂಡೇ ಪ್ರಿನ್ಸಿಪಾಲರಾಗಿ ಕುಳಿತರು.

"ಈ ಕಾಲೇಜೇ ಯಾಕಮ್ಮ?"

"ಲ್ಯಾಬು ಚೆನ್ನಾಗಿದೆ. ಮನೆಯಿಂದ ಒಂದೇ ಬಸ್ಸು."

"ಬಸ್ಸಿನ ಸುದ್ದಿ ಎತ್ತಬೇಡ. ಕಾಲೇಜಿನ ಕೀರ್ತಿ ಅನ್ನು. ತಂದೆ ಏನು ಮಾಡ್ತಾರೆ?"

"ಟೈಲರ್."

"ಉಡುಪು ಉದ್ಯಮಿ ಅನ್ನು."

"ಅಪ್ಪಾ, ಅರ್ಜಿಯಲ್ಲಿ ಟೈಲರ್ ಅಂತಲೇ ಬರೆದಿದ್ದೀನಿ."

"ಬರೆಯೋದು ಬೇರೆ, ಬಾಯಲ್ಲಿ ಹೇಳೋದು ಬೇರೆ."

ಅಡುಗೆಮನೆಯಿಂದ ಹೆಂಡತಿ ಇಣುಕಿದಳು. "ಉದ್ಯಮಿಗೆ ಯಾಕ್ರೀ ಫೀಸು ಬಿಡ್ತಾರೆ?"

"ನಿನಗೆ ತಿಳಿಯಲ್ಲ ಕಣೇ. ಕೋಟು ಹಾಕ್ಕೊಂಡು ಹೋದೋನಿಗೆ ಕುರ್ಚಿ ಕೊಡ್ತಾರೆ. ಕುರ್ಚಿ ಕೊಟ್ಟ ಮೇಲೆ ಮಾತು ಕೇಳ್ತಾರೆ."

"ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವಂತೆ. ಅಷ್ಟಕ್ಕೂ ಕೋಟೆಲ್ಲಿದೆ ನಿಮಗೆ?"

ಅದೂ ನಿಜವೇ. ಊರಿಗೆಲ್ಲ ಕೋಟು ಹೊಲಿದವರಿಗೆ ಸ್ವಂತಕ್ಕೊಂದು ಕೋಟಿರಲಿಲ್ಲ. ಆದರೆ ಅಂಗಡಿಯ ಪರದೆಯ ಹಿಂದೆ ಕಡುನೀಲಿ ಕೋಟೊಂದು ತೂಗುತ್ತಿತ್ತು. ಹೊಟ್ಟೆ ಬೆಳೆಸಿಕೊಂಡ ಗಿರಾಕಿಯೊಬ್ಬರು ಸೊಂಟ ಸಡಿಲ ಮಾಡಿಸಲು ಕೊಟ್ಟಿದ್ದರು. ಮೂರು ಸಲ ಬಂದು ಕೇಳಿದ್ದರು, ಮೂರು ಸಲವೂ ಮಾಸ್ಟರು "ನಾಳೆ ಬನ್ನಿ ಸಾರ್" ಎಂದಿದ್ದರು. ಅದು ಅವರ ಕುಲಮಂತ್ರ. ಬೀದಿಯವರು ಅವರನ್ನು ಕರೆಯುತ್ತಿದ್ದುದೇ ನಾಳೆ ಮಾಸ್ಟರು ಎಂದು.

ಬುಧವಾರ ಗಿರಾಕಿ ನಾಲ್ಕನೆಯ ಸಲ ಬಂದರು.

"ಮಾಸ್ಟ್ರೇ, ನಾಳೆ ಬೆಳಿಗ್ಗೆ ನನಗೊಂದು ಮೀಟಿಂಗ್ ಇದೆ. ಇವತ್ತು ಕೋಟು ಬೇಕೇ ಬೇಕು."

ಕೋಟು ಸಿದ್ಧವಾಗಿ, ಇಸ್ತ್ರಿಯಾಗಿ, ಪರದೆಯಾಚೆ ತೂಗುತ್ತಿತ್ತು. ಮಾಸ್ಟರು ಕಣ್ಣು ಮಿಟುಕಿಸದೆ ಹೇಳಿದರು: "ಅಸ್ತರು ಹಾಕೋದು ಬಾಕಿ ಇದೆ ಸಾರ್. ಮೀಟಿಂಗ್ ಮುಗಿಸ್ಕೊಂಡೇ ಬನ್ನಿ."

ಸಡಿಲಿಸಿದ ಕೋಟು ಮಾಸ್ಟರ ಬಡಕಲು ಮೈಗೆ ಗೋಣಿಚೀಲದಂತಿತ್ತು. ಅದಕ್ಕೇನು, ಅವರಲ್ಲವೇ ಟೈಲರು! ಬೆನ್ನಿನ ಉದ್ದಕ್ಕೂ ಒಳಗಿನಿಂದ ಕಚ್ಚಾ ಹೊಲಿಗೆ ಹಾಕಿ ಬಿಗಿ ಮಾಡಿಕೊಂಡರು. ಒಂದು ದಿನದ ಮಟ್ಟಿಗೆ ಸಾಕಿತ್ತು. ಕನ್ನಡಿಯಲ್ಲಿ ನೋಡಿಕೊಂಡರೆ, ಅವರಿಗೆ ಅವರೇ ಎದ್ದು ನಿಲ್ಲಬೇಕು ಅನ್ನಿಸಿತು.

ಗುರುವಾರ ಕಾಲೇಜಿನಲ್ಲಿ ಅವರ ಸರದಿ ಬಂತು. ಬಾಗಿಲು ತಳ್ಳಿ ಒಳಗೆ ಹೋದರೆ ಉದ್ದ ಮೇಜಿನ ಹಿಂದೆ ಮೂವರಿದ್ದರು. ಎಡಗಡೆಯವರು ಕೋಟಿನಲ್ಲಿದ್ದರು, ಬಲಗಡೆಯವರೂ ಕೋಟಿನಲ್ಲಿದ್ದರು. ನಡುವೆ, ಅಧ್ಯಕ್ಷರ ಕುರ್ಚಿಯಲ್ಲಿ, ಮೊಣಕೈ ಸವೆದ ಸ್ವೆಟರ್ ತೊಟ್ಟು ಕುಳಿತಿದ್ದವರು ಕಡುನೀಲಿ ಕೋಟಿನ ಗಿರಾಕಿ.

ಮಾಸ್ಟರು ಬಾಗಿಲಲ್ಲೇ ನಿಂತರು. ಫೈಲನ್ನು ಎದೆಗೆ ಅವಚಿಕೊಂಡರು, ಆದರೆ ಫೈಲಿಗಿಂತ ಕೋಟು ದೊಡ್ಡದಾಗಿತ್ತು. ಅಧ್ಯಕ್ಷರ ಕಣ್ಣು ಕಾಲರಿನಿಂದ ಗುಂಡಿಗೆ, ಗುಂಡಿಯಿಂದ ಜೇಬಿಗೆ ನಿಧಾನವಾಗಿ ಇಳಿಯಿತು.

"ಕೂತ್ಕೊಳ್ಳಿ" ಎಂದರು.

ಕುರ್ಚಿಯೇನೋ ಸಿಕ್ಕಿತು. ಕೂರಲು ಬಗ್ಗಿದ್ದೇ ತಡ, ಕಚ್ಚಾ ಹೊಲಿಗೆ ಕುತ್ತಿಗೆಯಿಂದ ಸೊಂಟದವರೆಗೆ ಪಟಪಟನೆ ಬಿಚ್ಚಿಕೊಂಡು, ಕೋಟು ತನ್ನ ಯಜಮಾನರ ಅಳತೆಗೆ ಅರಳಿ ನಿಂತಿತು. ಅದರೊಳಗೆ ಮಾಸ್ಟರು ಕುಗ್ಗಿ ಕುಳಿತರು.

ಅಧ್ಯಕ್ಷರು ಮಗಳ ಕಡೆ ತಿರುಗಿದರು. "ತಂದೆ ಏನು ಮಾಡ್ತಾರಮ್ಮ?"

ಮಗಳು ಅಪ್ಪನ ಮುಖ ನೋಡಿದಳು. ಆ ಮುಖದಲ್ಲಿ ಉದ್ಯಮಿ ಎಲ್ಲೂ ಉಳಿದಿರಲಿಲ್ಲ.

"ಟೈಲರ್, ಸಾರ್. ಮನೆಯಲ್ಲಿ ಕಾಜಾ, ಗುಂಡಿ ಕೆಲಸ ನಾನು ಮಾಡ್ತೀನಿ. ಈ ಕೋಟಿನ ಗುಂಡಿ ಹಾಕಿದ್ದೂ ನಾನೇ."

"ಕೋಟು ಚೆನ್ನಾಗಿದೆ. ನಿಮ್ಮದೇನಾ?"

ಅಪ್ಪನಿಗೆ ಕೇಳಿದ ಪ್ರಶ್ನೆಗೆ ಅವಳೇ ಉತ್ತರಿಸಿದಳು. "ಅಲ್ಲ ಸಾರ್, ಗಿರಾಕಿಯದು. ನನಗೋಸ್ಕರ ಹಾಕ್ಕೊಂಡ್ರು. ಬೇಜಾರು ಮಾಡ್ಕೋಬೇಡಿ."

ಮಾಸ್ಟರಿಗೆ ನೆಲ ಬಿರಿದು ನುಂಗಬಾರದೇ ಅನ್ನಿಸಿತು. ಸಿಕ್ಕಿಬಿದ್ದದ್ದಕ್ಕಲ್ಲ. ಆ ಹುಡುಗಿಯನ್ನು ಓದಿಸಿದ ಕೆಲಸದ ಹೆಸರನ್ನೇ ಬಚ್ಚಿಡು ಎಂದು ಅವಳಿಗೇ ಹೇಳಿಕೊಟ್ಟಿದ್ದರು. ಈಗ ಅಪ್ಪನ ಪರವಾಗಿ ಕ್ಷಮೆ ಕೇಳುತ್ತಿದ್ದವಳೂ ಅವಳೇ. ಮುಂದೆ ಏನೇನು ಕೇಳಿದರೋ, ಅವಳು ಏನೇನು ಹೇಳಿದಳೋ, ಅವರ ಕಿವಿಗೆ ಒಂದೂ ಬೀಳಲಿಲ್ಲ.

ಏಳುವಾಗ ಹೇಗೋ ಬಾಯಿ ಬಿಟ್ಟರು. "ಫೀಸಿನ ವಿಚಾರ... ಯಾವಾಗ ಗೊತ್ತಾಗುತ್ತೆ ಸಾರ್?"

ಅಧ್ಯಕ್ಷರು ಅವರನ್ನೇ ನೋಡಿ ಹೇಳಿದರು: "ನಾಳೆ ಬನ್ನಿ."

ಅಕ್ಕಪಕ್ಕದ ಇಬ್ಬರಿಗೆ ಅದು ಬರೀ ಮಾತು. ಮಾಸ್ಟರಿಗೆ ಅದು ತಮ್ಮದೇ ಮಂತ್ರ. ಆ ನಾಳೆಗೆ ಎಷ್ಟು ನಾಳೆಗಳಿರುತ್ತವೆ ಎಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಮನೆಗೆ ಬಂದವರು ಊಟ ಮುಟ್ಟಲಿಲ್ಲ. ಕಚ್ಚಾ ದಾರವನ್ನೆಲ್ಲ ಒಂದೊಂದಾಗಿ ಕಿತ್ತು, ಕೋಟಿಗೆ ಮತ್ತೆ ಇಸ್ತ್ರಿ ಹಾಕಿ, ಮರುದಿನ ಕಾಲೇಜಿನ ಗೇಟು ತೆಗೆಯುವ ಮುಂಚೆಯೇ ಹೋಗಿ ನಿಂತರು. ಬದುಕಿನಲ್ಲಿ ಮೊದಲ ಸಲ, ಗಿರಾಕಿಯನ್ನು ಹುಡುಕಿಕೊಂಡು ಬಟ್ಟೆ ಹೋಗಿತ್ತು.

ಅಧ್ಯಕ್ಷರು ಕೋಟು ತೊಟ್ಟು, ಗುಂಡಿ ಹಾಕಿ, ತೋಳು ಎತ್ತಿ ಇಳಿಸಿ ನೋಡಿದರು. "ಸರಿಯಾಗಿ ಕೂತಿದೆ. ಎಷ್ಟು ಕೊಡ್ಲಿ?"

"ನಾಚಿಕೆ ಆಗುತ್ತೆ ಸಾರ್, ಏನೂ ಬೇಡ. ಅವಳದು ಏನೂ ತಪ್ಪಿಲ್ಲ. ನನ್ನ ಮೇಲಿನ ಸಿಟ್ಟನ್ನ ಅವಳ ಮೇಲೆ ತೋರಿಸ್ಬೇಡಿ."

"ಕೂಲಿ ತಗೊಳ್ಳಿ" ಎಂದು ಅಧ್ಯಕ್ಷರು ನೋಟುಗಳನ್ನು ಅವರ ಕೈಗಿಟ್ಟರು. "ನಿಮ್ಮ ಮಗಳಿಗೆ ಪೂರ್ತಿ ಫೀಸು ಮಾಫಿ. ನಿನ್ನೆ ನೀವು ಬಾಗಿಲು ದಾಟಿ ಹೊರಗೆ ಹೋಗೋ ಮೊದಲೇ ತೀರ್ಮಾನ ಆಗಿತ್ತು."

ಮಾಸ್ಟರು ನೋಟು ಹಿಡಿದುಕೊಂಡೇ ಕೇಳಿದರು: "ಮತ್ತೆ... ನಿನ್ನೇನೇ ಹೇಳ್ಬಹುದಿತ್ತಲ್ಲ ಸಾರ್?"

"ಹೇಳ್ಬಹುದಿತ್ತು" ಎಂದರು ಅಧ್ಯಕ್ಷರು, ಕೋಟಿನ ತೋಳು ಸರಿಮಾಡಿಕೊಳ್ಳುತ್ತ. "ನೀವು ನನ್ನ ನಾಲ್ಕು ಸಲ ತಿರುಗಿಸಿದ್ರಿ ಮಾಸ್ಟ್ರೇ. ನಾನು ಒಂದೇ ಸಲ."